ಎಳೆಗರುಗಳ ಹೊಟ್ಟೆಯ ಆರೋಗ್ಯ ಮತ್ತು ಗಿಡಮೂಲಿಕೆಗಳ ಉಪಯೋಗ

(ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್. ಎಜಿ.)

ಬೇಸಾಯಕ್ಕೆ ದನವೇ ಆಧಾರ. ದನದ ಹಟ್ಟಿಗೆ ಕರುವೇ ಮೂಲ. ಇಂದು ಕೊಟ್ಟಿಗೆಯಲ್ಲಿ ಹುಟ್ಟಿದ ಹೆಂಗರುವು ಮುಂದೆ ಹಾಲು ಕೊಡುವ ಹಸುವಾಗಬೇಕು. ಹೋರಿಗರುವು ನೊಗಕ್ಕೆ ಹೆಗಲು ಕೊಡಬೇಕು. ಹೀಗಿದ್ದರೂ, ಕರೆಯುವ ಹಸುವಿನ ಮೇವು, ಹಿಂಡಿ, ಹಾಲಿನ ಅಳತೆ ಇವುಗಳ ವಿಷಯದಲ್ಲಿ ನಾವು ವಹಿಸುವ ಗಮನದಲ್ಲಿ ಕಾಲುಭಾಗವನ್ನಾದರೂ ಕರುವಿನ ವಿಷಯದಲ್ಲಿ ವಹಿಸುವುದು ಅಪರೂಪ. ಹಾಲು ಬಿಡಿಸುವುದಕ್ಕೆ ಮುಂಚೆ ಸಾಯುವ ಕರುಗಳಲ್ಲಿ ಭೇದಿಯಿಂದ ಸಾಯುವುವೇ ಹೆಚ್ಚೆಂಬುದು ಎಲ್ಲ ದೇಶಗಳ ಅನುಭವವಾಗಿದೆ. ಒಂದು ಹೆಂಗರು ಸತ್ತರೆ ಆ ದಿನದ ನಷ್ಟವು ಅಲ್ಪವಾಗಿ ಕಾಣಬಹುದು. ಆದರೆ ಅದರ ಸಂಗಡ ಒಂದು ಹಸುವೂ, ಆ ಹಸುವಿನ ಹತ್ತು ವರ್ಷಗಳ ಹಾಲೂ, ಅದು ಈಯಬೇಕಾಗಿದ್ದ ಕರುಗಳೂ ಹೋದುವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಳ್ಳಿಗಳಲ್ಲಿ ಸಂಚಾರ ಮಾಡುವಾಗ, "ಕರು ತೆಳ್ಳಗೆ ಕಳೀತಾ ಇದೆ, ಯಾವ ಸೊಪ್ಪು ಅರೆದು ಕುಡಿಸೋಣ ಸ್ವಾಮಿ?" ಎಂಬ ಪ್ರಶ್ನೆಯನ್ನು ರೈತರು ಪದೇ ಪದೇ ಕೇಳುವುದುಂಟು. ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. ಹಿರಿಯರು ಹೇಳಿದ ಸೊಪ್ಪು, ಚಕ್ಕೆಗಳಿಂದಲೇ ಸರ್ವರೋಗಗಳೂ ಗುಣವಾಗುವುವೆಂದು ಕೆಲವರು ಹೇಳುತ್ತಾರೆ. ಅವೆಲ್ಲವೂ ಮೂಢನಂಬಿಕೆಯೆಂದು ಮತ್ತೆ ಕೆಲವರು ತಳ್ಳಿಹಾಕುತ್ತಾರೆ. ಈ ಎರಡು ಮಾತುಗಳೂ ಪೂರ್ಣವಾಗಿ ಸರಿಯಲ್ಲ. ಗಿಡಮೂಲಿಕೆಗಳಿಗೆ ಎಳೆಯ ಪ್ರಾಣಿಯ ಹೊಟ್ಟೆಯಲ್ಲಿ ಮಾಡತಕ್ಕ ಕೆಲಸವುಂಟು. ಆದರೆ ಆ ಕೆಲಸಕ್ಕೆ ತಕ್ಕ ಕಾಲವೂ, ಸ್ಥಾನವೂ, ಮಿತಿಯೂ ಉಂಟು. ಆ ಸ್ಥಾನವು ಯಾವುದೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೧. ಎಳೆಗರುವಿನ ಹೊಟ್ಟೆಯ ರಚನೆ

ದನದ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿರುವುವು. ಬೆಳೆದ ದನದಲ್ಲಿ ಮೊದಲನೆಯದಾದ ಮೆಲುಕಿನ ಚೀಲವೇ ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ವಾಸಿಸುವ ಅಸಂಖ್ಯಾತ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿಯಿಸಿ ದನಕ್ಕೆ ಆಹಾರವನ್ನಾಗಿ ಮಾಡಿಕೊಡುತ್ತವೆ. ಆಗತಾನೆ ಹುಟ್ಟಿದ ಕರುವಿನಲ್ಲಾದರೋ ನಾಲ್ಕನೆಯ ಕೋಣೆಯೇ ದೊಡ್ಡದು. ಮೆಲುಕಿನ ಚೀಲವು ಚಿಕ್ಕದಾಗಿ, ಕೆಲಸವಿಲ್ಲದೆ ಮುದುಡಿಕೊಂಡಿರುವುದು. ಕರುವು ಮೊಲೆಯನ್ನು ಚೀಪುವಾಗ ಅನ್ನನಾಳದ ಕೊನೆಯಲ್ಲಿರುವ ಒಂದು ಮಡಿಕೆಯು ಕೊಳವೆಯಂತೆ ಮುಚ್ಚಿಕೊಂಡು, ಹಾಲು ಮೆಲುಕಿನ ಚೀಲಕ್ಕೆ ಬೀಳದೆ ನೆಟ್ಟಗೆ ನಾಲ್ಕನೆಯ ಕೋಣೆಗೆ ಇಳಿಯುವಂತೆ ಮಾಡುತ್ತದೆ. ಅಲ್ಲಿ ಹಾಲು ಗಡ್ಡೆಕಟ್ಟಿ, ನಿಧಾನವಾಗಿ ಜೀರ್ಣವಾಗುತ್ತದೆ.

ಇದರಿಂದ ರೈತರು ತಿಳಿಯತಕ್ಕ ಸಂಗತಿಗಳು ಎರಡು. ಒಂದನೆಯದು, ಮೊದಲ ಎರಡು ಮೂರು ವಾರಗಳಲ್ಲಿ ಕರುವು ಹುಲ್ಲು ತಿನ್ನುವ ಪ್ರಾಣಿಯಲ್ಲ; ಹಾಲಿನಿಂದಲೇ ಜೀವಿಸುವ ಪ್ರಾಣಿ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ರಸವು ಅದರ ಕರುಳಿನಲ್ಲಿ ಯಥೇಷ್ಟವಾಗಿದೆ. ಆದರೆ ಬೆಲ್ಲ ಮತ್ತು ಕಬ್ಬಿನ ಸಕ್ಕರೆಯನ್ನು ಜೀರ್ಣಿಸುವ ರಸವು ಇಲ್ಲ. ಗಂಜಿ, ಅಂಬಲಿಗಳಲ್ಲಿರುವ ಹಿಟ್ಟಿನಂಶವನ್ನು ಜೀರ್ಣಿಸುವ ಶಕ್ತಿಯೂ ಬಹಳ ಕಡಮೆ. ಜೀರ್ಣವಾಗದ ಬೆಲ್ಲವು ಕರುಳಿನೊಳಕ್ಕೆ ನೀರನ್ನು ಎಳೆದುಕೊಂಡು, ಅಲ್ಲಿಯೇ ಹುಳಿತು, ಭೇದಿಯನ್ನು ಹೆಚ್ಚಿಸುತ್ತದೆ. ನಮ್ಮ ಮನೆಮದ್ದುಗಳನ್ನು ಸಾಮಾನ್ಯವಾಗಿ ಬೆಲ್ಲದ ಉಂಡೆಯಲ್ಲಿ ಕಲಸಿ ಕೊಡುವ ವಾಡಿಕೆಯಿರುವುದರಿಂದ ಈ ಸಂಗತಿಯನ್ನು ಮುಖ್ಯವಾಗಿ ನೆನಪಿನಲ್ಲಿಡಬೇಕು. ದೊಡ್ಡ ಹಸುವಿಗೆ ಬೆಲ್ಲದಲ್ಲಿ ಕೊಟ್ಟ ಮದ್ದು ಹಿತವಾಗಬಹುದು. ಎಂಟು ದಿನದ ಕರುವಿಗೆ ಅದೇ ಬೆಲ್ಲವು ಕೇಡು.

ಎರಡನೆಯದು, ಕರುವು ತಾಯಿಯ ಗರ್ಭದಲ್ಲಿರುವಾಗ ತಾಯಿಯ ರಕ್ತದಲ್ಲಿರುವ ರೋಗನಿರೋಧಕ ವಸ್ತುಗಳು ಅದಕ್ಕೆ ಸೇರುವುದಿಲ್ಲ. ಮನುಷ್ಯರ ಶಿಶುವು ಅವನ್ನು ಹುಟ್ಟುವುದಕ್ಕೆ ಮುಂಚೆಯೇ ಪಡೆದಿರುತ್ತದೆ. ಕರು, ಕುರಿಮರಿ, ಆಡುಮರಿ, ಹಂದಿಮರಿಗಳಿಗೆ ಮಾತ್ರ ಆ ಭಾಗ್ಯವಿಲ್ಲ. ಅವುಗಳಿಗೆ ಆ ವಸ್ತುಗಳು ದೊರೆಯುವುದು ಗಿಣ್ಣುಹಾಲಿನಿಂದ ಮಾತ್ರ. ಕರುಳು ಅವನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವುದು ಹುಟ್ಟಿದ ಸುಮಾರು ೨೪ ಗಂಟೆಗಳವರೆಗೆ ಮಾತ್ರ. ಅದರಲ್ಲಿಯೂ ಮೊದಲ ಆರು ಗಂಟೆಗಳ ತರುವಾಯ ಈ ಶಕ್ತಿಯು ಬೇಗ ಬೇಗ ಕುಂದುತ್ತ ಹೋಗುವುದು. ಮಾಸು ಬೀಳುವವರೆಗೆ ಕರುವಿಗೆ ಹಾಲು ಬಿಡಕೂಡದೆಂಬ ನಂಬಿಕೆಯು ಅನೇಕ ಕಡೆಗಳಲ್ಲಿದೆ. ಮಾಸು ಬೀಳುವುದಕ್ಕೆ ಎಂಟು ಹನ್ನೆರಡು ಗಂಟೆಗಳು ಹಿಡಿಯಬಹುದು. ಅಷ್ಟರಲ್ಲಿ ಕರುವಿಗೆ ದೊರೆಯಬೇಕಾದ ರಕ್ಷಣೆಯ ಬಹುಭಾಗವು ಕೈತಪ್ಪಿಹೋಗಿರುತ್ತದೆ. ಹುಟ್ಟಿದ ಎರಡು ಗಂಟೆಗಳೊಳಗಾಗಿ ಮೊದಲನೆಯ ಸಲವೂ, ಮೊದಲನೆಯ ದಿನದಲ್ಲಿ ಒಟ್ಟು ತೂಕದ ಹತ್ತರಲ್ಲೊಂದು ಪಾಲೂ ಗಿಣ್ಣುಹಾಲು ಕರುವಿನ ಹೊಟ್ಟೆಗೆ ಹೋಗತಕ್ಕದ್ದು. ೨೫ ಕೆ.ಜಿ. ತೂಕದ ಕರುವಿಗೆ ಇದು ಎರಡೂವರೆ ಲೀಟರು. ಕರುವಿನ ಪಾಲು ಮುಗಿದ ಮೇಲೆ ಉಳಿದುದನ್ನು ಮನೆಯಲ್ಲಿ ಗಿಣ್ಣು ಕಾಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಇಷ್ಟನ್ನು ಮೊದಲು ಹೇಳಿದುದಕ್ಕೆ ಕಾರಣವಿದೆ. ಗಿಣ್ಣುಹಾಲು ತಪ್ಪಿದ ಕರುವಿಗೆ ಅದರ ಬದಲಾಗಿ ನಿಲ್ಲತಕ್ಕ ಸೊಪ್ಪಾಗಲಿ, ಬೇರಾಗಲಿ, ಚಕ್ಕೆಯಾಗಲಿ ಲೋಕದಲ್ಲಿ ಯಾವುದೂ ಇಲ್ಲ.

೨. ಭೇದಿಯ ಕಾರಣಗಳು

ಭೇದಿಯೆಂಬುದು ಒಂದೇ ರೋಗವಲ್ಲ. ಹಲವು ರೋಗಗಳ ಒಂದೇ ಲಕ್ಷಣ. ಕರುವಿನ ವಯಸ್ಸನ್ನು ನೋಡಿದರೆ ಕಾರಣವನ್ನು ಸ್ಥೂಲವಾಗಿ ಊಹಿಸಬಹುದು. ಹುಟ್ಟಿದ ಮೊದಲ ನಾಲ್ಕೈದು ದಿನಗಳಲ್ಲಿ ಬರುವ ಬಿಳಿಯ ಅಥವಾ ಹಳದಿಯ ನೀರುಭೇದಿಗೆ ಈ ಕೋಲೈ ಎಂಬ ಬ್ಯಾಕ್ಟೀರಿಯಾದ ಕೆಲವು ಜಾತಿಗಳು ಸಾಮಾನ್ಯವಾಗಿ ಕಾರಣ. ಒಂದರಿಂದ ಮೂರು ವಾರಗಳವರೆಗೆ ರೋಟಾ ಎಂಬ ವೈರಸ್ಸೂ, ಕ್ರಿಪ್ಟೋಸ್ಪೋರಿಡಿಯಂ ಎಂಬ ಏಕಕಣ ಜೀವಿಯೂ ಮುಖ್ಯವಾದ ಕಾರಣಗಳು. ಮೂರು ವಾರಗಳು ಕಳೆದ ಮೇಲೆ ರಕ್ತಮಿಶ್ರಿತವಾದ ಸಗಣಿ ಕಂಡರೆ ಕಾಕ್ಸಿಡಿಯಾ ಎಂಬ ಮತ್ತೊಂದು ಏಕಕಣ ಜೀವಿಯನ್ನು ಸಂದೇಹಿಸಬೇಕು. ಎಮ್ಮೆಯ ಕರುಗಳಲ್ಲಿ ತಾಯಿಯ ಹಾಲಿನ ಮೂಲಕವೇ ಜಂತುಹುಳುವಿನ ಮರಿಗಳು ಒಳಸೇರಿ, ಒಂದು ತಿಂಗಳು ತುಂಬುವುದರೊಳಗಾಗಿ ಕರುಳಿನಲ್ಲಿ ದೊಡ್ಡ ಹುಳುಗಳಾಗುವುದುಂಟು.

ಇವಲ್ಲದೆ, ಹೊತ್ತುಗೊತ್ತಿಲ್ಲದೆ ಹಾಲು ಕುಡಿಸುವುದು, ತಣ್ಣಗಾದ ಹಾಲನ್ನು ಒಮ್ಮೆಗೇ ಹೆಚ್ಚಾಗಿ ಕೊಡುವುದು, ತೊಳೆಯದ ಪಾತ್ರೆಯನ್ನು ಉಪಯೋಗಿಸುವುದು, ಗಂಜಲದಿಂದ ಒದ್ದೆಯಾದ ನೆಲದಲ್ಲಿ ಕರುವನ್ನು ಕಟ್ಟುವುದು, ಇವುಗಳಿಂದ ಈ ಕಾರಣಗಳೆಲ್ಲಕ್ಕೂ ದಾರಿ ತೆರೆಯುತ್ತದೆ.

ಕರುಳಿನ ಒಳಮೈಯು ಮಖಮಲ್ಲಿನ ಬಟ್ಟೆಯಂತೆ ಸೂಕ್ಷ್ಮವಾದ ಕುಡಿಗಳಿಂದ ತುಂಬಿರುವುದು. ಆಹಾರವೂ ನೀರೂ ರಕ್ತಕ್ಕೆ ಸೇರುವುದು ಈ ಕುಡಿಗಳ ಮೂಲಕವೇ. ರೋಟಾ ವೈರಸ್ಸು ಈ ಕುಡಿಗಳ ತುದಿಯನ್ನು ಹಾಳುಮಾಡುತ್ತದೆ. ಹೊಸ ಕುಡಿಗಳು ಚಿಗುರುವುದಕ್ಕೆ ಕೆಲವು ದಿನಗಳು ಬೇಕು. ಆ ಕೆಲವು ದಿನಗಳು ಕರುವನ್ನು ಜೀವದಿಂದುಳಿಸಿಕೊಳ್ಳುವುದೇ ಚಿಕಿತ್ಸೆಯ ಗುಟ್ಟು.

೩. ಕರುವಿನ ಪ್ರಾಣವನ್ನು ತೆಗೆಯುವುದು ಯಾವುದು?

ಭೇದಿಯಾದ ಕರುವು ಸಾಯುವುದು ಸಾಮಾನ್ಯವಾಗಿ ಸಗಣಿ ತೆಳ್ಳಗಾದುದರಿಂದಲ್ಲ. ಮೈಯೊಳಗಿನ ನೀರೂ ಲವಣಗಳೂ ಹೊರಟುಹೋದುದರಿಂದ. ಎಳೆಗರುವಿನ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುವುದು. ೨೫ ಕೆ.ಜಿ. ತೂಕದ ಕರುವು ಎರಡು ಲೀಟರು ನೀರನ್ನು ಕಳೆದುಕೊಂಡರೆ ತೂಕದಲ್ಲಿ ನೂರಕ್ಕೆ ಎಂಟು ಪಾಲು ಹೋದಂತಾಯಿತು. ಆಗ ಕಣ್ಣುಗಳು ಗುಳಿಬೀಳುತ್ತವೆ, ಕರುವು ಏಳಲಾರದಂತಾಗುತ್ತದೆ. ಮೂರು ಲೀಟರು ಹೋದರೆ ಪ್ರಾಣಾಪಾಯ. ಜೋರಾದ ಭೇದಿಯಲ್ಲಿ ಇಷ್ಟು ನೀರು ಒಂದೇ ದಿನದಲ್ಲಿ ಹೋಗಬಹುದು.

ನೀರು ಎಷ್ಟು ಹೋಗಿದೆಯೆಂಬುದನ್ನು ತಿಳಿಯಲು ಸುಲಭವಾದ ಒಂದು ಪರೀಕ್ಷೆಯಿದೆ. ಕರುವಿನ ಕತ್ತಿನ ಪಕ್ಕದ ಚರ್ಮವನ್ನು ಎರಡು ಬೆರಳುಗಳಿಂದ ಹಿಡಿದೆತ್ತಿ ಬಿಡಬೇಕು. ಆರೋಗ್ಯವಾಗಿರುವ ಕರುವಿನಲ್ಲಿ ಅದು ಕೂಡಲೇ ಮೊದಲಿನಂತೆ ಕೂತುಕೊಳ್ಳುವುದು. ಎರಡು ಸೆಕೆಂಡುಗಳಿಗಿಂತ ಹೆಚ್ಚು ಕಾಲ ಮಡಿಕೆಯು ನಿಂತರೆ ನೀರು ಕಡಮೆಯಾಗಿದೆಯೆಂದು ತಿಳಿಯಬೇಕು.

ಕಳೆದ ನೀರನ್ನು ತುಂಬಿಕೊಡುವ ಉಪಾಯವೂ ಸರಳವಾದುದೇ. ಉಪ್ಪೂ ಗ್ಲೂಕೋಸೂ ಒಟ್ಟಿಗೆ ಕರುಳಿಗೆ ಸೇರಿದರೆ ಒಂದು ಮತ್ತೊಂದನ್ನು ಒಳಕ್ಕೆ ಕರೆದೊಯ್ಯುತ್ತದೆ. ಅವುಗಳ ಹಿಂದೆಯೇ ನೀರೂ ಒಳಸೇರುತ್ತದೆ. ೧೯೭೧ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ವಾಂತಿಭೇದಿಯು ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವರು ಇದೇ ತತ್ತ್ವದಿಂದ ಸಾವಿರಾರು ಜನರನ್ನು ಉಳಿಸಿದರು. ಕರುವಿಗೂ ಇದೇ ತತ್ತ್ವವು ಸಲ್ಲುವುದು. ಕರುಗಳಿಗೆಂದೇ ತಯಾರಾದ ಲವಣದ ಪುಡಿಯು ಪಶುವೈದ್ಯಶಾಲೆಯಲ್ಲಿ ದೊರೆತರೆ ಅದೇ ಉತ್ತಮ. ಏಕೆಂದರೆ ಭೇದಿಯಿಂದ ರಕ್ತದಲ್ಲಿ ಹೆಚ್ಚಿದ ಹುಳಿಯನ್ನು ಮುರಿಯತಕ್ಕ ಕ್ಷಾರವನ್ನು ಅದರಲ್ಲಿ ಸೇರಿಸಿರುತ್ತಾರೆ. ಅದು ದೊರೆಯುವವರೆಗೆ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಮನುಷ್ಯರಿಗಾಗಿ ಮಾರುವ ಓ.ಆರ್.ಎಸ್. ಪೊಟ್ಟಣವನ್ನು ಉಪಯೋಗಿಸಬಹುದು. ೨೦೦೨ರಿಂದ ಜಾರಿಯಲ್ಲಿರುವ ಈ ಸೂತ್ರದಂತೆ ಒಂದು ಲೀಟರು ನೀರಿಗೆ ಉಪ್ಪು ೨.೬ ಗ್ರಾಂ, ಗ್ಲೂಕೋಸ್ ೧೩.೫ ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ ೧.೫ ಗ್ರಾಂ, ಸೋಡಿಯಂ ಸಿಟ್ರೇಟ್ ೨.೯ ಗ್ರಾಂ ಇರುವುವು. ಪೊಟ್ಟಣದ ಮೇಲೆ ಬರೆದಷ್ಟೇ ನೀರನ್ನು ಅಳೆದು ಬೆರಸತಕ್ಕದ್ದು. ಗ್ಲೂಕೋಸಿಗೆ ಬದಲಾಗಿ ಬೆಲ್ಲವನ್ನೋ ಸಕ್ಕರೆಯನ್ನೋ ಹಾಕಕೂಡದು. ಕಾರಣವನ್ನು ಮೇಲೆಯೇ ಹೇಳಿದೆ.

೨೫ ಕೆ.ಜಿ. ತೂಕದ ಕರುವಿಗೆ ಉಗುರುಬೆಚ್ಚಗಿರುವ ಈ ನೀರನ್ನು ಸಲಕ್ಕೆ ಒಂದು ಲೀಟರಿನಂತೆ ದಿನಕ್ಕೆ ಎರಡು ಮೂರು ಸಲ, ಹಾಲು ಕುಡಿಸುವ ಹೊತ್ತುಗಳ ನಡುವೆ ಕೊಡಬೇಕು. ಹಾಲಿನಲ್ಲಿ ಬೆರಸಿದರೆ ಹಾಲು ಗಡ್ಡೆಕಟ್ಟುವುದಕ್ಕೆ ಅಡ್ಡಿಯಾಗುವುದು. ಭೇದಿಯಾದ ಕರುವಿಗೆ ಹಾಲನ್ನೇ ನಿಲ್ಲಿಸಿಬಿಡುವ ಪದ್ಧತಿಯೂ ತಪ್ಪು. ಲವಣದ ನೀರು ನೀರನ್ನು ತುಂಬಿಕೊಡುವುದೇ ಹೊರತು ಹಸಿವನ್ನು ಹಿಂಗಿಸಲಾರದು. ಹಾಲನ್ನು ಸ್ವಲ್ಪಸ್ವಲ್ಪವಾಗಿ, ಹೆಚ್ಚು ಸಲ ಕೊಡುವುದು ಮೇಲು. ಚೀಪುವ ಶಕ್ತಿಯೇ ಇಲ್ಲದೆ, ಬಾಯಿ ತಣ್ಣಗಾಗಿ ಮಲಗಿಬಿಟ್ಟ ಕರುವಿಗೆ ಬಾಯಿಂದ ಏನನ್ನೂ ಹೊಯ್ಯದೆ ಕೂಡಲೇ ಪಶುವೈದ್ಯರನ್ನು ಕರೆಸಬೇಕು. ಅಂಥದಕ್ಕೆ ರಕ್ತನಾಳದ ಮೂಲಕವೇ ನೀರು ಕೊಡಬೇಕಾಗುವುದು. ಪಶುವೈದ್ಯ ಇಲಾಖೆಯ ಸಂಚಾರಿ ಚಿಕಿತ್ಸಾಲಯವನ್ನು ಕರೆಯಲು ೧೯೬೨ ಎಂಬ ದೂರವಾಣಿ ಸಂಖ್ಯೆಯಿದೆ.

೪. ಗಿಡಮೂಲಿಕೆಗಳ ಕಡೆಗೆ ಲೋಕದ ದೃಷ್ಟಿ

ಹಳೆಯ ಮನೆಮದ್ದುಗಳೆಂದು ನಾವು ಬದಿಗಿಟ್ಟಿದ್ದ ಪದಾರ್ಥಗಳನ್ನು ಈಚೆಗೆ ಪಾಶ್ಚಾತ್ಯ ದೇಶಗಳ ಶಾಸ್ತ್ರಜ್ಞರು ಶ್ರದ್ಧೆಯಿಂದ ಪರೀಕ್ಷಿಸುತ್ತಿರುವುದಕ್ಕೆ ಒಂದು ಚರಿತ್ರೆಯಿದೆ. ೧೯೪೦ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಆಂಟಿಬಯಾಟಿಕ್ ಔಷಧದ ಕಾರ್ಖಾನೆಯಲ್ಲಿ ಉಳಿದ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವು ಬೇಗ ಬೆಳೆದುವು. ಅಲ್ಲಿಂದ ಮುಂದೆ, ರೋಗವಿಲ್ಲದಿದ್ದರೂ ಎಳೆಯ ಪ್ರಾಣಿಗಳ ಆಹಾರದಲ್ಲಿ ಈ ಔಷಧಗಳನ್ನು ಸ್ವಲ್ಪಸ್ವಲ್ಪವಾಗಿ ಬೆರಸುವ ಪದ್ಧತಿಯು ಅನೇಕ ದೇಶಗಳಿಗೆ ಹಬ್ಬಿತು. ಆದರೆ ದಿನವೂ ಅಲ್ಪಪ್ರಮಾಣದ ಔಷಧಕ್ಕೆ ಒಡ್ಡಲ್ಪಟ್ಟ ಕ್ರಿಮಿಗಳು ಆ ಔಷಧಕ್ಕೆ ಜಗ್ಗದಂತಾಗುತ್ತವೆ; ಅಂಥ ಕ್ರಿಮಿಗಳು ಕೊಟ್ಟಿಗೆಯಿಂದ ಮನೆಗೆ ಬರುವುದಕ್ಕೆ ತಡವಿಲ್ಲ. ಆದುದರಿಂದ ಸ್ವೀಡನ್ ದೇಶವು ೧೯೮೬ರಲ್ಲಿ ಈ ಪದ್ಧತಿಯನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದಲ್ಲಿ ೨೦೦೬ನೆಯ ಜನವರಿ ೧ರಿಂದ ಅದು ಪೂರ್ಣವಾಗಿ ನಿಂತಿತು. ಹಂದಿಮರಿಗಳ ಭೇದಿಗಾಗಿ ಆಹಾರದಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಬೆರಸುತ್ತಿದ್ದ ಸತುವಿನ ಭಸ್ಮವೂ ಅಲ್ಲಿ ೨೦೨೨ರ ಜೂನ್ ತಿಂಗಳಿನಿಂದ ನಿಂತುಹೋಯಿತು. ನಮ್ಮ ದೇಶದಲ್ಲಿ, ಮನುಷ್ಯರ ಕಡುರೋಗಗಳಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರವು ೨೦೧೯ರ ಜುಲೈ ತಿಂಗಳಲ್ಲಿ ನಿಷೇಧಿಸಿತು.

ಇವುಗಳ ಬದಲಿಗೆ ಏನನ್ನು ಕೊಡಬಹುದೆಂಬ ಅನ್ವೇಷಣೆಯೇ ಶಾಸ್ತ್ರಜ್ಞರನ್ನು ಗಿಡಮೂಲಿಕೆಗಳ ಬಳಿಗೆ ತಂದುದು. ನಮ್ಮಲ್ಲಿಯೂ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದೊಡನೆ ಸೇರಿ ದನಗಳ ಮನೆಮದ್ದುಗಳನ್ನು ಪ್ರಚಾರಕ್ಕೆ ತರುತ್ತಿದೆ.

ಭೇದಿಯೆಂದೊಡನೆ ಅಂಗಡಿಯಿಂದ ಆಂಟಿಬಯಾಟಿಕ್ ಮಾತ್ರೆಯನ್ನು ತಂದು ನುಂಗಿಸುವ ಅಭ್ಯಾಸವು ಏತಕ್ಕೆ ಸರಿಯಲ್ಲವೆಂಬುದೂ ಇಷ್ಟರಿಂದ ಸ್ಪಷ್ಟವಾಗುವುದು. ವೈರಸ್ಸಿನ ಮೇಲೆಯೂ, ಕ್ರಿಪ್ಟೋಸ್ಪೋರಿಡಿಯದ ಮೇಲೆಯೂ ಸಾಮಾನ್ಯ ಆಂಟಿಬಯಾಟಿಕ್ಕಿನ ಆಟ ನಡೆಯುವುದಿಲ್ಲ. ಅವುಗಳ ಉಪಯೋಗವನ್ನು ಪಶುವೈದ್ಯರ ವಿವೇಚನೆಗೆ ಬಿಡತಕ್ಕದ್ದು.

೫. ಮೂಲಿಕೆಗಳ ನಾಲ್ಕು ವರ್ಗಗಳು

ಹೊಟ್ಟೆಗೆ ಕೊಡುವ ಗಿಡಮೂಲಿಕೆಗಳನ್ನು ಅವು ಮಾಡುವ ಕೆಲಸಕ್ಕನುಸಾರವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿದರೆ ವಿಷಯವು ಸುಲಭವಾಗುವುದು.

(ಅ) ಘಾಟಿನ ಮೂಲಿಕೆಗಳು. ಓಮ, ದೊಡ್ಡಪತ್ರೆ, ಬೆಳ್ಳುಳ್ಳಿ ಇವು ಈ ವರ್ಗಕ್ಕೆ ಸೇರಿದುವು. ಓಮದ ಘಾಟಿಗೆ ಕಾರಣವಾದ ಥೈಮಾಲ್ ಎಂಬ ವಸ್ತುವೂ, ದೊಡ್ಡಪತ್ರೆಯಲ್ಲಿರುವ ಕಾರ್ವಾಕ್ರಾಲ್ ಎಂಬುದೂ ಬ್ಯಾಕ್ಟೀರಿಯಾಗಳ ಹೊರಪೊರೆಯನ್ನು ಒಡೆದು ಅವುಗಳನ್ನು ನಾಶಮಾಡುತ್ತವೆ. ಯೂರೋಪಿನಲ್ಲಿ ಹಂದಿಮರಿ, ಕರು, ಕೋಳಿಗಳ ಆಹಾರಕ್ಕೆ ಬೆರಸಲು ಮಾರುವ ಓರಿಗಾನೋ ಮತ್ತು ಥೈಮ್ ಎಂಬ ಗಿಡಗಳ ಎಣ್ಣೆಯಲ್ಲಿರುವುವೂ ಈ ಎರಡು ವಸ್ತುಗಳೇ. ಬೆಳ್ಳುಳ್ಳಿಯಲ್ಲಿ ಕ್ರಿಮಿನಾಶಕವಾದ ಅಲಿಸಿನ್ ಎಂಬುದು ಎಸಳಿನೊಳಗೆ ಸಿದ್ಧವಾಗಿರುವುದಿಲ್ಲ. ಎಸಳನ್ನು ಜಜ್ಜಿದಾಗ ಮಾತ್ರ ಹುಟ್ಟುತ್ತದೆ. ಇಡಿಯಾಗಿ ಬೇಯಿಸಿದ ಬೆಳ್ಳುಳ್ಳಿಯಲ್ಲಿ ಅದನ್ನು ಹುಟ್ಟಿಸುವ ಶಕ್ತಿಯು ನಾಶವಾಗುತ್ತದೆ. ಆದುದರಿಂದ ಹಸಿಯದನ್ನೇ ಜಜ್ಜಿ, ಐದು ಹತ್ತು ನಿಮಿಷ ಬಿಟ್ಟು ಉಪಯೋಗಿಸಬೇಕು.

ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ನಡೆದು ೨೦೧೦ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಿಶ್ರತಳಿಯ ಎಳೆಗರುಗಳಿಗೆ ತೂಕದ ಪ್ರತಿ ಕೆ.ಜಿ.ಗೆ ೨೫೦ ಮಿಲಿಗ್ರಾಂ ಪ್ರಮಾಣದಲ್ಲಿ ಬೆಳ್ಳುಳ್ಳಿಯ ಸಾರವನ್ನು ದಿನವೂ ಕೊಡಲಾಯಿತು. ಸಾರವನ್ನು ಪಡೆದ ಕರುಗಳ ತೂಕವು ಇತರ ಕರುಗಳಿಗಿಂತ ಹೆಚ್ಚಿತು. ಸಗಣಿಯು ಹೆಚ್ಚು ಗಟ್ಟಿಯಾಗಿತ್ತು. ಸಗಣಿಯಲ್ಲಿ ಈ ಕೋಲೈ ಮೊದಲಾದ ಕ್ರಿಮಿಗಳ ಸಂಖ್ಯೆಯೂ ಇಳಿಯಿತು. ೨೫ ಕೆ.ಜಿ. ಕರುವಿಗೆ ಈ ಪ್ರಮಾಣವು ಸುಮಾರು ಆರು ಗ್ರಾಂ ಆಗುವುದು. ಸಾರದ ಲೆಕ್ಕವು ಹಸಿ ಬೆಳ್ಳುಳ್ಳಿಗೆ ಅಕ್ಷರಶಃ ಹೊಂದದಿದ್ದರೂ, ಅಲ್ಪಪ್ರಮಾಣವೇ ಸಾಕೆಂಬುದಕ್ಕೆ ಇದು ಸಾಕ್ಷಿ. ಎರಡು ಮೂರು ಎಸಳುಗಳನ್ನು ಮೀರಬೇಕಾಗಿಲ್ಲ. ಬೆಳ್ಳುಳ್ಳಿಯ ಬಂಧುವಾದ ಈರುಳ್ಳಿಯನ್ನು ಮಾತ್ರ ದನಗಳಿಗೆ ಧಾರಾಳವಾಗಿ ಕೊಡಕೂಡದು. ಅದು ಹೆಚ್ಚಾದರೆ ರಕ್ತದ ಕೆಂಪು ಕಣಗಳು ಒಡೆದು, ರಕ್ತಹೀನತೆಯುಂಟಾಗಿ, ಮೂತ್ರವು ಕೆಂಪಾಗುವುದು.

(ಆ) ಒಗರಿನ ಮೂಲಿಕೆಗಳು. ದಾಳಿಂಬೆಯ ಸಿಪ್ಪೆ, ಜಾಲಿಯ ಚಕ್ಕೆ, ಕಾಚು, ಮಾವಿನ ಓಟೆಯ ತಿರುಳು ಇವುಗಳ ಒಗರಿಗೆ ಟ್ಯಾನಿನ್ ಎಂಬ ವಸ್ತುವು ಕಾರಣ. ತಂಗಡಿಯ ಚಕ್ಕೆಯಿಂದ ತೊಗಲನ್ನು ಹದಮಾಡುವುದನ್ನು ಕಂಡವರಿಗೆ ಟ್ಯಾನಿನ್ನಿನ ಸ್ವಭಾವವನ್ನು ಬೇರೆ ಹೇಳಬೇಕಾಗಿಲ್ಲ. ಅದು ತೊಗಲಿನ ಸಸಾರಜನಕವನ್ನು ಬಿಗಿಹಿಡಿದು ಕೊಳೆಯದಂತೆ ಮಾಡುವುದು. ಕರುಳಿನ ಒಳಮೈಯಲ್ಲಿಯೂ ಅದು ಹಾಗೆಯೇ ಬಿಗಿದು, ನೀರು ಸೋರುವುದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಆದರೆ ಟ್ಯಾನಿನ್ನಿಗೆ ಬೇಕಾದುದು, ಬೇಡವಾದುದು ಎಂಬ ವಿವೇಕವಿಲ್ಲ. ಅದು ಹಾಲಿನ ಸಸಾರಜನಕವನ್ನೂ ಬಿಗಿಹಿಡಿದು ಜೀರ್ಣವಾಗದಂತೆ ಮಾಡುವುದು. ಅಮೆರಿಕದಲ್ಲಿ ನಡೆದು ಅದೇ ೨೦೧೦ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದಾಳಿಂಬೆಯ ಸಾರವನ್ನು ದಿನವೂ ಎರಡು ಬೇರೆ ಬೇರೆ ಪ್ರಮಾಣಗಳಲ್ಲಿ ಕರುಗಳಿಗೆ ಕೊಟ್ಟು ನೋಡಿದರು. ಕೆಲವು ವಾರಗಳು ಕಳೆದ ಮೇಲೆ ಆ ಕರುಗಳು ಕಾಳಿನ ಆಹಾರವನ್ನು ಕಡಮೆ ತಿಂದುವು. ತೂಕವೂ ಕಡಮೆಯಾಗಿಯೇ ಏರಿತು. ಒಗರಿನ ಕಷಾಯವನ್ನು ಎರಡು ಮೂರು ದಿನಗಳ ಮಟ್ಟಿಗೆ ಕೊಡಬಹುದೇ ಹೊರತು ನಿತ್ಯದ ಆಹಾರವನ್ನಾಗಿ ಮಾಡಕೂಡದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಿಲ್ಲ.

(ಇ) ಲೋಳೆಯ ಮೂಲಿಕೆಗಳು. ಮೆಂತ್ಯ, ಇಸಬ್‌ಗೋಲು, ಬಿಲ್ವದ ಎಳೆಗಾಯಿ ಇವು ನೀರನ್ನು ಹೀರಿ ಲೋಳೆಯಾಗಿ, ಕೆರಳಿದ ಕರುಳಿಗೆ ತಂಪನ್ನುಂಟುಮಾಡುತ್ತವೆ. ಇವುಗಳ ವಿಷಯದಲ್ಲಿ ಒಂದು ಎಚ್ಚರಿಕೆಯು ಅಗತ್ಯ. ಲೋಳೆಯು ನೀರನ್ನು ಹಿಡಿದುಕೊಳ್ಳುವುದರಿಂದ ಸಗಣಿಯು ಗಟ್ಟಿಯಾದಂತೆ ಕಾಣುವುದು. ಆದರೆ ಆ ನೀರು ಕರುವಿನ ರಕ್ತಕ್ಕೆ ಮರಳಿ ಸೇರಿರುವುದಿಲ್ಲ. ಭೇದಿ ನಿಂತಿತೆಂದು ಮನೆಯವರು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಕರುವಿನ ಕಣ್ಣು ಗುಳಿಬಿದ್ದಿರಬಹುದು. ಸಗಣಿಯನ್ನು ನೋಡಿ ಸಮಾಧಾನಪಡದೆ, ಕಣ್ಣನ್ನೂ ಕತ್ತಿನ ಚರ್ಮವನ್ನೂ ನೋಡಬೇಕು.

(ಈ) ಒಳ್ಳೆಯ ಜೀವಿಗಳಿಗೆ ಆಹಾರವಾಗುವ ನಾರುಗಳು. ಕರುಳಿನಲ್ಲಿರುವ ಸೂಕ್ಷ್ಮಜೀವಿಗಳೆಲ್ಲವೂ ಶತ್ರುಗಳಲ್ಲ; ಹೆಚ್ಚಿನವು ಮಿತ್ರರೇ. ಕಾಫಿಯ ಪುಡಿಗೆ ಬೆರಸುವ ಚಿಕೋರಿಯ ಬೇರಿನಲ್ಲಿಯೂ, ಬೆಳ್ಳುಳ್ಳಿಯಲ್ಲಿಯೂ ಇರುವ ಇನ್ಯುಲಿನ್ ಎಂಬ ನಾರನ್ನು ಪ್ರಾಣಿಯು ತಾನಾಗಿ ಜೀರ್ಣಿಸಿಕೊಳ್ಳಲಾರದು. ಅದು ಹಿಂಗರುಳಿನ ಮಿತ್ರಜೀವಿಗಳಿಗೆ ಆಹಾರವಾಗುವುದು. ಇಂಥ ನಾರುಗಳಿಗೆ ಶಾಸ್ತ್ರಜ್ಞರು ೧೯೯೫ರಲ್ಲಿ ಪ್ರೀಬಯಾಟಿಕ್ ಎಂಬ ಹೆಸರನ್ನಿಟ್ಟರು. ಇವು ರೋಗ ಬಂದ ಮೇಲೆ ಕೊಡುವ ಮದ್ದುಗಳಲ್ಲ. ಆರೋಗ್ಯವಾಗಿರುವಾಗ ಆರೋಗ್ಯವನ್ನು ಕಾಪಾಡತಕ್ಕ ಪದಾರ್ಥಗಳು.

೬. ಕೊಡತಕ್ಕ ಕ್ರಮ

ಮೊದಲನೆಯ ವಾರದಲ್ಲಿ ಗಿಣ್ಣು ಮತ್ತು ಹಾಲಿನ ಹೊರತು ಕರುವಿಗೆ ಯಾವ ಮೂಲಿಕೆಯ ಅಗತ್ಯವೂ ಇಲ್ಲ. ಎರಡನೆಯ ವಾರದಿಂದ ಶುದ್ಧವಾದ ನೀರನ್ನೂ, ಹಿಡಿಯಷ್ಟು ನುಚ್ಚುಮಾಡಿದ ಕಾಳು ಹಿಂಡಿಗಳ ಮಿಶ್ರಣವನ್ನೂ ಕರುವಿನ ಮುಂದಿಡಬೇಕು. ಮೊದಲು ಅದು ಮೂಸಿನೋಡಿ ಬಿಡುವುದು. ಮೆಲ್ಲಮೆಲ್ಲನೆ ತಿನ್ನಲು ಕಲಿಯುವುದು. ಈ ಕಾಳು ಮೆಲುಕಿನ ಚೀಲದಲ್ಲಿ ಹುಳಿತು ಹುಟ್ಟುವ ಆಮ್ಲವೇ ಆ ಚೀಲದ ಒಳಮೈಯನ್ನು ಬೆಳೆಸುವುದು. ಕರುವು ಈ ಮಿಶ್ರಣವನ್ನು ತಿನ್ನತೊಡಗಿದ ಮೇಲೆ ಮೂರು ಬೆರಳಿನ ಚಿಟಿಕೆಯಷ್ಟು ಓಮದ ಪುಡಿಯನ್ನೋ, ಜಜ್ಜಿದ ಬೆಳ್ಳುಳ್ಳಿಯನ್ನೋ ಅದರಲ್ಲಿ ಬೆರಸಬಹುದು. ಹಾಲು ಬಿಡಿಸುವ ಸಮಯದಲ್ಲಿ ಆಹಾರವು ಬದಲಾಗುವುದರಿಂದ ಕರುಳು ಕೆರಳುವ ಸಂಭವವಿದೆ. ಮೂಲಿಕೆಗಳಿಂದ ಹೆಚ್ಚಿನ ಪ್ರಯೋಜನವನ್ನು ನಿರೀಕ್ಷಿಸಬಹುದಾದುದು ಈ ಕಾಲದಲ್ಲಿಯೇ.

ಭೇದಿಯಾದಾಗ ಮೂಲಿಕೆಯ ಕಷಾಯವನ್ನು ಕೊಡುವುದಾದರೆ, ಲವಣದ ನೀರನ್ನು ಕುಡಿಸಿದ ಮೇಲೆಯೇ ಕೊಡತಕ್ಕದ್ದು. ಅದಕ್ಕೆ ಬದಲಾಗಿ ಅಲ್ಲ. ಬೆಲ್ಲವನ್ನು ಸೇರಿಸಕೂಡದು. ಖಾರವಾದ ಮೆಣಸು, ಸುಣ್ಣ, ತಂಬಾಕು, ಸೀಮೆಎಣ್ಣೆ ಮೊದಲಾದುವನ್ನು ಎಳೆಗರುವಿನ ಬಾಯಿಗೆ ತಾಕಿಸಲೇಕೂಡದು.

ಗೊಟ್ಟದಿಂದ ಮದ್ದು ಹೊಯ್ಯುವಾಗ ಕರುವಿನ ತಲೆಯನ್ನು ಮೇಲಕ್ಕೆತ್ತಿ, ನಾಲಗೆಯನ್ನು ಹೊರಕ್ಕೆಳೆದು ಸುರಿಯುವುದನ್ನು ಅನೇಕ ಕಡೆ ಕಾಣುತ್ತೇವೆ. ಹೀಗೆ ಮಾಡಿದರೆ ಮದ್ದು ಶ್ವಾಸಕೋಶಕ್ಕೆ ಇಳಿದು, ಭೇದಿಯಿಂದ ಉಳಿಯಬಹುದಾಗಿದ್ದ ಕರುವು ಶ್ವಾಸಕೋಶದ ಉರಿಯೂತದಿಂದ ಸಾಯುವುದು. ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಮೇಲೆತ್ತದೆ, ನಾಲಗೆಯನ್ನು ಹಿಡಿಯದೆ, ಬಾಯಿಯ ಪಕ್ಕದಿಂದ ಸ್ವಲ್ಪಸ್ವಲ್ಪವಾಗಿ ಹೊಯ್ದು, ನುಂಗಿದ ಮೇಲೆ ಮುಂದಿನದನ್ನು ಹೊಯ್ಯಬೇಕು. ಕರುವು ಚೀಪಬಲ್ಲದಾದರೆ ಮೊಲೆಯಾಕಾರದ ರಬ್ಬರಿರುವ ಸೀಸೆಯಿಂದ ಕುಡಿಸುವುದು ಎಲ್ಲಕ್ಕಿಂತ ಲೇಸು.

೭. ಮೂಲಿಕೆಯಿಂದ ಆಗದ ಕೆಲಸಗಳು

ಎಮ್ಮೆಗರುವಿನ ಜಂತುಹುಳುವಿಗೆ ಮುತ್ತುಗದ ಬೀಜದ ಪುಡಿಯನ್ನು ಕೊಡುವ ವಾಡಿಕೆಯಿದೆ. ಆ ಬೀಜಕ್ಕೆ ಹುಳುನಾಶಕವಾದ ಗುಣವಿರುವುದು ನಿಜ. ಆದರೆ ಎಳೆಗರುವಿಗೆ ಎಷ್ಟು ಕೊಟ್ಟರೆ ಹುಳುವು ಸಾಯುವುದು, ಎಷ್ಟು ಕೊಟ್ಟರೆ ಕರುವಿಗೆ ಬಾಧಕವೆಂಬುದನ್ನು ಮನೆಯಲ್ಲಿ ಅಳೆಯುವುದು ಸಾಧ್ಯವಿಲ್ಲ. ಪೈಪರಜೀನ್ ಮೊದಲಾದ ಔಷಧಗಳು ಅಗ್ಗವಾಗಿಯೂ ನಂಬಿಕೆಗೆ ಯೋಗ್ಯವಾಗಿಯೂ ಇವೆ. ಪಶುವೈದ್ಯರ ಸಲಹೆಯಂತೆ ಎರಡು ಮೂರು ವಾರಗಳ ವಯಸ್ಸಿನಲ್ಲಿಯೇ ಕೊಟ್ಟರೆ ಹುಳುವು ಬಲಿತು ಮೊಟ್ಟೆಯಿಡುವುದಕ್ಕೆ ಮುಂಚೆಯೇ ನಾಶವಾಗುವುದು. ರಕ್ತಭೇದಿಗೂ, ಜ್ವರದೊಡನೆ ಬರುವ ಭೇದಿಗೂ ಮನೆಮದ್ದನ್ನು ನೆಚ್ಚಿಕೊಂಡು ಕಾಲವನ್ನು ಕಳೆಯಕೂಡದು.

ಕುರಿ ಮತ್ತು ಆಡುಮರಿಗಳ ವಿಷಯದಲ್ಲಿ ಒಗರಿನ ಸೊಪ್ಪುಗಳಿಗೆ ಸ್ವಲ್ಪ ಹೆಚ್ಚಿನ ಸ್ಥಾನವಿದೆ. ಅಮೆರಿಕದ ದಕ್ಷಿಣ ಭಾಗದಲ್ಲಿ ಸೆರೀಸಿಯಾ ಲೆಸ್ಪೆಡೀಜಾ ಎಂಬ ಟ್ಯಾನಿನ್ನುಳ್ಳ ದ್ವಿದಳ ಮೇವನ್ನು ಮೇಯಿಸಿದಾಗ ಆಡುಗಳ ರಕ್ತಹೀರುವ ಜಂತುಗಳೂ, ಮರಿಗಳ ಕಾಕ್ಸಿಡಿಯಾ ಬಾಧೆಯೂ ಕಡಮೆಯಾದುದನ್ನು ಕಂಡಿದ್ದಾರೆ. ನಮ್ಮ ಕುರುಬರು ಮರಿಗಳಿಗೆ ಜಾಲಿಯ ಸೊಪ್ಪು, ಕಾಯಿಗಳನ್ನು ಮೇಯಿಸುವುದರಲ್ಲಿಯೂ ಇದೇ ಬಗೆಯ ಒಗರು ಮರಿಗಳ ಹೊಟ್ಟೆಗೆ ಸೇರುತ್ತದೆ. ಆದರೆ ಸುಗ್ಗಿಯ ಕಾಲದಲ್ಲಿ ಕಾಳನ್ನು ಒಮ್ಮೆಗೇ ಹೆಚ್ಚಾಗಿ ತಿಂದ ಪುಷ್ಟವಾದ ಮರಿಗಳು ಹಠಾತ್ತಾಗಿ ಬಿದ್ದು ಸಾಯುವ ಕರುಳುಬೇನೆಗೆ ಮಾತ್ರ ಯಾವ ಸೊಪ್ಪೂ ಉಪಯೋಗವಿಲ್ಲ; ಅದಕ್ಕೆ ಮುಂಚಿತವಾಗಿ ಲಸಿಕೆ ಹಾಕಿಸುವುದೊಂದೇ ಉಪಾಯ.

೮. ಗುಣವಾಯಿತೆಂಬುದನ್ನು ತಿಳಿಯುವ ಬಗೆ

ಮದ್ದು ಕೊಟ್ಟ ಮೂರನೆಯ ದಿನ ಭೇದಿ ನಿಂತರೆ ಮದ್ದಿನಿಂದಲೇ ನಿಂತಿತೆಂದು ಹೇಳುವುದು ಮನುಷ್ಯಸ್ವಭಾವ. ಆದರೆ ಅನೇಕ ಭೇದಿಗಳು, ಕರುವಿಗೆ ನೀರೂ ಹಾಲೂ ಸರಿಯಾಗಿ ಸಲ್ಲುತ್ತಿದ್ದರೆ, ಯಾವ ಮದ್ದೂ ಇಲ್ಲದೆ ನಾಲ್ಕೈದು ದಿನಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಆದುದರಿಂದ ಒಂದು ಕರು ಗುಣವಾದುದನ್ನು ಕಂಡು ಮೂಲಿಕೆಯನ್ನು ಹೊಗಳುವುದೂ ಸಲ್ಲದು. ಒಂದು ಕರು ಸತ್ತುದನ್ನು ಕಂಡು ಹಳಿಯುವುದೂ ಸಲ್ಲದು. ಪ್ರತಿಯೊಬ್ಬ ರೈತನೂ ಒಂದು ಚಿಕ್ಕ ಪುಸ್ತಕವನ್ನಿಟ್ಟುಕೊಂಡು, ಕರು ಹುಟ್ಟಿದ ದಿನ ಮತ್ತು ಹೊತ್ತು, ಮೊದಲ ಗಿಣ್ಣು ಕುಡಿದ ಹೊತ್ತು, ಭೇದಿ ಕಂಡ ದಿನ, ಕೊಟ್ಟ ಪದಾರ್ಥ ಮತ್ತು ಪ್ರಮಾಣ, ಗುಣವಾದ ದಿನ ಇವಿಷ್ಟನ್ನು ಬರೆದಿಟ್ಟರೆ, ಎರಡು ಮೂರು ವರ್ಷಗಳಲ್ಲಿ ಆ ಪುಸ್ತಕವೇ ಅವನಿಗೆ ಗುರುವಾಗುವುದು. ಹಾಲಿನ ಸಹಕಾರ ಸಂಘದ ಸದಸ್ಯರೆಲ್ಲರೂ ಹೀಗೆ ಬರೆದಿಟ್ಟು ಹೋಲಿಸಿ ನೋಡಿದರೆ ಊರಿಗೇ ಉಪಕಾರವಾಗುವುದು.

ಸಾರಾಂಶ

೧. ಹುಟ್ಟಿದ ಎರಡು ಗಂಟೆಗಳೊಳಗಾಗಿ ಗಿಣ್ಣುಹಾಲು. ಮೊದಲ ದಿನದಲ್ಲಿ ತೂಕದ ಹತ್ತರಲ್ಲೊಂದು ಪಾಲು. ಮಾಸು ಬೀಳುವುದನ್ನು ಕಾಯಬಾರದು.

೨. ನೆಲ ಒಣಗಿರಲಿ, ಪಾತ್ರೆ ಶುಚಿಯಾಗಿರಲಿ, ಹಾಲು ಬೆಚ್ಚಗಿರಲಿ.

೩. ಭೇದಿ ಕಂಡ ಕೂಡಲೆ ಲವಣ ಮತ್ತು ಗ್ಲೂಕೋಸಿನ ನೀರು, ಹಾಲನ್ನು ನಿಲ್ಲಿಸಬಾರದು, ಬೆಲ್ಲವನ್ನು ಕೊಡಬಾರದು.

೪. ಇವಾದ ಮೇಲೆ ಮೂಲಿಕೆ. ಘಾಟಿನದನ್ನು ಅಲ್ಪಪ್ರಮಾಣದಲ್ಲಿ, ಒಗರಿನದನ್ನು ಅಲ್ಪಕಾಲ ಮಾತ್ರ, ಲೋಳೆಯದನ್ನು ಕೊಟ್ಟಾಗ ಕಣ್ಣು ಮತ್ತು ಚರ್ಮದ ಮೇಲೆ ನಿಗಾ ಇಟ್ಟು.

೫. ರಕ್ತಭೇದಿ, ಜ್ವರ, ಗುಳಿಬಿದ್ದ ಕಣ್ಣು, ಚೀಪಲಾರದ ನಿಶ್ಶಕ್ತಿ, ಇವುಗಳಲ್ಲಿ ಯಾವುದೊಂದನ್ನು ಕಂಡರೂ ಪಶುವೈದ್ಯರನ್ನು ಕರೆಸಬೇಕು.

ಮನೆಯಂಗಳದ ದೊಡ್ಡಪತ್ರೆಯೂ, ಅಡುಗೆಮನೆಯ ಓಮ, ಬೆಳ್ಳುಳ್ಳಿಗಳೂ ಬಳಿಯಲ್ಲಿಯೇ ದೊರೆಯುವ ಪದಾರ್ಥಗಳು. ಅವುಗಳನ್ನು ತಕ್ಕ ಸ್ಥಾನದಲ್ಲಿ ಉಪಯೋಗಿಸಿದರೆ ಕರುವಿಗೂ ಲಾಭ, ಅನಾವಶ್ಯಕವಾಗಿ ಔಷಧಗಳನ್ನು ಸುರಿಯುವ ವೆಚ್ಚವೂ ಉಳಿತಾಯ. ಗಿಣ್ಣಿಗೂ ನೀರಿಗೂ ಸಲ್ಲಬೇಕಾದ ಸ್ಥಾನವನ್ನು ಅವುಗಳಿಗೆ ಕೊಟ್ಟರೆ ಮಾತ್ರ ಕರುವು ಉಳಿಯುವುದು ಕಷ್ಟ. ಮುಂದಿನ ಸಲ ಹಸುವು ಈಯುವುದಕ್ಕೆ ಮುಂಚೆಯೇ ಎರಡು ಲವಣದ ಪೊಟ್ಟಣಗಳನ್ನೂ, ರಬ್ಬರಿನ ಮೊಲೆಯುಳ್ಳ ಒಂದು ಸೀಸೆಯನ್ನೂ ತಂದು ಮನೆಯಲ್ಲಿಟ್ಟುಕೊಳ್ಳಬೇಕೆಂದು ರೈತ ಮಹಾಶಯರನ್ನು ಕೇಳಿಕೊಳ್ಳುತ್ತೇನೆ.